ಮಾತು ನಿಲ್ಲಿಸಿದ ಲ್ಯಾಪ್‌ಟಾಪ್

ಮಾರ್ಚ್ 14, ಶನಿವಾರ, ಸಂಜೆ 4.10. ಅಶೋಕಪುರಂನಲ್ಲಿ ನಮ್ಮ ಪಕ್ಕದ ಮನೆಯ ಸಾಕಮ್ಮ ಮೇಡಂ ತಮ್ಮ ಹಳೆಯ ಲ್ಯಾಪ್‌ಟಾಪಿಗೆ ಬ್ರೈಲ್ ಪ್ರಿಂಟರನ್ನು ಜೋಡಿಸುವ ಕಾರ್ಡನ್ನು ತಳ್ಳಿದ್ದೇ ತಡ, ಪರದೆಯನ್ನು ಓದಿ ಹೇಳುತ್ತಿದ್ದ ಧ್ವನಿ ಅರ್ಧ ಪದಕ್ಕೇ ನಿಂತುಹೋಯಿತು. ಮೇಡಂಗೆ ಕಣ್ಣು ಕಾಣಿಸದು. ಆ ಧ್ವನಿಯಿಲ್ಲದೆ ಅವರು ಕೆಲಸ ಮಾಡಲಾರರು. ಪ್ರಿಂಟರ್ ಇಲ್ಲದಿದ್ದರೆ ಅವರ ಅಂಧ ಶಿಷ್ಯೆ ಚಂದ್ರಿಕಾಗೆ ಬುಧವಾರದ ಪರೀಕ್ಷೆಗೆ ಓದಲು ಟಿಪ್ಪಣಿಯಿಲ್ಲ.

“ಕಾರ್ಡ್ ಹಾಕುದ್ರೆ ಮಾತು ನಿಂತೋಯ್ತದೆ, ತೆಗುದ್ರೆ ಪ್ರಿಂಟ್ ಬರಲ್ಲ. ಸವತೀರ ಜಗಳ ಕಣಮ್ಮ ಇದು!” ಎಂದು ನನ್ನ ಕಡೆ ತಿರುಗಿ ನಕ್ಕರು. ಬೆರಳುಗಳು ಮಾತ್ರ ಅವೇ ಕೀಲಿಗಳನ್ನು ಮತ್ತೆ ಮತ್ತೆ ಒತ್ತುತ್ತಿದ್ದವು.

ಜಗಳವೇ ಹೌದು. ಪ್ರೊಸೆಸರನ್ನು ಕರೆಯಲು ಕಂಪ್ಯೂಟರಿನ ಭಾಗಗಳಿಗೆ ಇಂಟರಪ್ಟ್ ಎಂಬ ಸಂಖ್ಯೆಗಳಿರುತ್ತವೆ. ಒಂದೊಂದು ಭಾಗಕ್ಕೆ ಒಂದೊಂದು ಸಂಖ್ಯೆ ಇರಬೇಕು; ಇಲ್ಲಿ ಧ್ವನಿಯ ಭಾಗವೂ ಈ ಕಾರ್ಡೂ ಐದನೆಯದನ್ನೇ ಹಿಡಿದಿದ್ದವು. ಮೂರನೆಯದನ್ನು ತಂತಿಯಿಲ್ಲದೆ ಮಾಹಿತಿ ಕಳಿಸಲೆಂದು ಇದ್ದ, ಈಗ ಯಾರೂ ಬಳಸದ ಇನ್‌ಫ್ರಾರೆಡ್ ಪೋರ್ಟ್ ಇಟ್ಟುಕೊಂಡು ಕೂತಿತ್ತು. ನಾನು ಹುಡುಕಿ ಹುಡುಕಿ ಅದನ್ನು ಕಂಡುಕೊಂಡು, ಸೆಟಪ್‌ನಲ್ಲಿ ಆ ಪೋರ್ಟನ್ನು ಬಂದ್ ಮಾಡಿ, ಕಾರ್ಡಿಗೆ ಮೂರನ್ನು ಕೊಟ್ಟು ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿದೆ.

6.25ಕ್ಕೆ ಧ್ವನಿ ಬಂತು. ಅದು ಓದುತ್ತಿರುವಾಗಲೇ ಪ್ರಿಂಟರೂ ಕಟಕಟ ಎಂದು ಚುಕ್ಕಿ ಒತ್ತತೊಡಗಿತು. ಮೇಡಂ ಲ್ಯಾಪ್‌ಟಾಪಿನ ಬೆನ್ನಿಗೆ ಮೆಲ್ಲಗೆ ಒಂದೇಟು ಹಾಕಿದರು. “ಎಲ್ಲೋಗಿದ್ದೆ ಮುಂಡೇದೆ? ಇನ್ನೊಂದ್ಸಲ ಕಣ್ಣು ಹೋದಂಗಾಗಿತ್ತಲ್ಲ ನಂಗೆ!”

ಅಲ್ಲಿಯವರೆಗೂ ನಾನು ಅದನ್ನು ಬರೀ ಕಾರ್ಡಿನ ತೊಂದರೆ ಎಂದುಕೊಂಡಿದ್ದೆ. ಒಂದು ತೊಂದರೆ ಮಾತ್ರ ಉಳಿದಿದೆ: ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೆರೆದರೆ ಧ್ವನಿ ಈಗಲೂ ಮಾಯವಾಗುತ್ತದೆ. ಪರಿಹಾರ ಬಲ್ಲ ಓದುಗರು ಈ ಕಂಪ್ಯೂಟರ್ ಅಂಕಣಕ್ಕೆ ದಯವಿಟ್ಟು ಬರೆಯಿರಿ. ಅಲ್ಲಿಯವರೆಗೆ ಮೇಡಂ ಅದನ್ನು ಮುಚ್ಚುವುದೇ ಇಲ್ಲವಂತೆ.