ಗಂಡಸರ ದನಿ ಇರುವ ಚಾನೆಲ್

ಕಾರ್ಟೂನ್ ಹಾಕಬಾರದು ಎಂಬುದು ನಮ್ಮ ಮನೆಯ ಮೊದಲ ನಿಯಮವಾಗಿತ್ತು. ಕಾರ್ಟೂನಿನ ಸದ್ದು ಹೊರಗೆ ಹೋದರೆ ಒಳಗಿರುವುದು ಮಗು ಮಾತ್ರ ಎಂದು ಮೆಟ್ಟಿಲು ಹತ್ತಿ ಬಂದವನಿಗೂ ಗೊತ್ತಾಗುತ್ತದೆ ಎಂದು ಪಪ್ಪ ಹೇಳಿದ್ದರು. ಎರಡನೆಯದು, ಅವರ ಹಳೆಯ ಕಪ್ಪು ಶೂಗಳು ಸದಾ ಬಾಗಿಲ ಹೊರಗೆ ಇರಬೇಕು. ಮೂರನೆಯದು, ಯಾರು ತಟ್ಟಿದರೂ ಚಿಲಕ ತೆಗೆಯಬಾರದು. ಕೇಳಿದರೆ, ಪಪ್ಪ ಸ್ನಾನ ಮಾಡುತ್ತಿದ್ದಾರೆ ಎನ್ನಬೇಕು.

ನಾನು ಆಗ ನಾಲ್ಕನೇ ಕ್ಲಾಸು. ಮಸ್ಕತ್ತಿನ ಘಾಲಾದಲ್ಲಿ, ಗ್ಯಾರೇಜುಗಳ ಮಧ್ಯದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಾವು ಮೂವರು ಇದ್ದೆವು. ಪಪ್ಪ ಹತ್ತಿರದ ಒಂದು ಗೋದಾಮಿನಲ್ಲಿ ಗಾಡಿಗಳ ಬಿಡಿಭಾಗಗಳ ಸ್ಟೋರ್‌ಕೀಪರ್. ಅಮ್ಮ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿನಲ್ಲಿ ಕೂರುತ್ತಿದ್ದರು. ಇಬ್ಬರ ಕೆಲಸದ ದಿನವೂ ಎರಡು ತುಂಡು: ಬೆಳಿಗ್ಗೆ ಎಂಟರಿಂದ ಒಂದು, ಮತ್ತೆ ನಾಲ್ಕರಿಂದ ಎಂಟು. ನಡುವೆ ಮನೆಗೆ ಬಂದು ಉಂಡು, ಪರದೆ ಎಳೆದು ಮಲಗಿ, ಮೂರೂವರೆಗೆ ಎದ್ದು ಮುಖ ತೊಳೆದು ಹೋಗುತ್ತಿದ್ದರು. ಆಮೇಲಿನ ನಾಲ್ಕು ಗಂಟೆ ನನ್ನದು.

ಅದಕ್ಕೆ ಮುಂಚೆ ಕೆಳಗಿನ ಮಹಡಿಯ ಕೇರಳದ ಒಬ್ಬರು ನನ್ನನ್ನು ನೋಡಿಕೊಳ್ಳುತ್ತಿದ್ದರು. ಅವರು ಊರಿಗೆ ಹೋದ ಮೇಲೆ ಪ್ರಶ್ನೆ ಎದ್ದಿತು. ಮಂಗಳೂರಿನಿಂದ ಅತ್ತೆ ಒಂದು ಹಾಸ್ಟೆಲಿನ ಅರ್ಜಿ ಕಳಿಸಿದರು. ಅಮ್ಮ ಅದನ್ನು ತುಂಬಿಯೂ ಇಟ್ಟರು. ಮೂರು ದಿನ ನನಗೆ ಊಟ ಸೇರಲಿಲ್ಲ. ಕೊನೆಗೆ ಪಪ್ಪ ಅಂದರು, "ಒಂದು ವರ್ಷ ನೋಡುವ. ತೊಂದರೆ ಇಲ್ಲದೆ ಕಳೆದರೆ ಇಲ್ಲೇ ಇರು. ತೊಂದರೆ ಆದರೆ ಹಾಸ್ಟೆಲ್. ಆಯ್ತಾ?"

ತೊಂದರೆ ಎಂದರೆ ಯಾವುದು ಎಂದು ಅವರು ಬಿಡಿಸಿ ಹೇಳಲಿಲ್ಲ. ಹಾಗಾಗಿ ನಾನು ಎಲ್ಲವನ್ನೂ ಅದರಲ್ಲಿ ಸೇರಿಸಿಕೊಂಡೆ. ಲೋಟ ಒಡೆಯುವುದು, ಜ್ವರ ಬರುವುದು, ಅಳುವುದು. ಎಲ್ಲಕ್ಕಿಂತ ದೊಡ್ಡ ತೊಂದರೆ ನಾನು ಒಬ್ಬಳೇ ಇದ್ದೇನೆಂದು ಬೇರೆಯವರಿಗೆ ತಿಳಿಯುವುದು. ಮಸ್ಕತ್ತಿನಲ್ಲಿ ನಮ್ಮ ಕಡೆಯವರು ಎಷ್ಟೇ ಚದುರಿ ಇದ್ದರೂ ಒಬ್ಬರಿಗೆ ಗೊತ್ತಾದದ್ದು ಶುಕ್ರವಾರದೊಳಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. "ಮಗುವನ್ನು ಬೀಗ ಹಾಕಿ ದುಡಿಯಲಿಕ್ಕೆ ಹೋಗ್ತಾರಂತೆ" ಎಂಬ ಮಾತು ಕೇಳುವುದಕ್ಕಿಂತ ಹಾಸ್ಟೆಲ್ಲೇ ಮೇಲು ಎಂದು ಅಮ್ಮ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಗಂಡಸರ ದನಿ ಇರುವ ಚಾನೆಲ್ ಹುಡುಕುವುದು ನನ್ನ ಪಾಲಿಗೆ ಬಂತು. ವಾರ್ತೆ ಓದುವವರಿದ್ದರು, ಆದರೆ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಕ್ರಿಕೆಟ್ಟಿನ ದನಿ ಹೊರಗಿನಿಂದ ಕೇಳಿದರೆ ಮನೆ ತುಂಬ ಜನ ಇದ್ದಂತೆ ಅನ್ನಿಸಿ, ಯಾರಾದರೂ ನೋಡಲು ಬರಬಹುದೆಂದು ಹೆದರಿದೆ. ನಾಲ್ಕೂವರೆಗೆ ಒಂದು ಚಾನೆಲ್ಲಿನಲ್ಲಿ ಹಳೆಯ ಅಮೆರಿಕನ್ ಕೌಬಾಯ್ ಧಾರಾವಾಹಿಗಳು ಬರುತ್ತಿದ್ದವು. ಕಪ್ಪು ಬಿಳುಪು ಚಿತ್ರ, ಕೆಳಗೆ ಅರಬ್ಬಿ ಅಕ್ಷರ. ಅದರ ಗಂಡಸರು ಕಡಿಮೆ ಮಾತಾಡುತ್ತಿದ್ದರು, ಮಾತಾಡಿದರೆ ಎದೆಯ ಆಳದಿಂದ ನಿಧಾನವಾಗಿ ಮಾತಾಡುತ್ತಿದ್ದರು, ಊಟ ಮುಗಿಸಿ ಕೂತ ಪಪ್ಪನ ಹಾಗೆ. ನನ್ನ ಕೆಲಸಕ್ಕೆ ಇದೇ ಸರಿ ಎನ್ನಿಸಿತು. ಒಂದೇ ಬೀದಿಯ ಊರು, ಎದೆಗೆ ನಕ್ಷತ್ರ ಚುಚ್ಚಿಕೊಂಡ ಒಬ್ಬ ಮನುಷ್ಯ, ಎಲ್ಲಿಂದಲೋ ಬಂದು ನೀರು ಕೇಳುವ ಇನ್ನೊಬ್ಬ. ಆ ಊರಲ್ಲಿ ಯಾರ ಮನೆಗೂ ಬೀಗ ಇರುತ್ತಿರಲಿಲ್ಲ. ಅದನ್ನು ನಾನು ಬಹಳ ಬೇಗ ಗಮನಿಸಿದೆ.

ಅದೆಲ್ಲ ಇಲ್ಲಿಯೇ ನಡೆಯುತ್ತಿದೆ ಎಂದು ನಾನು ಕೆಲವು ವಾರ ನಂಬಿದ್ದೆ. ಅಡುಗೆಮನೆಯ ಕಿಟಕಿಯಿಂದ ಕಾಣುವ ಬೆಟ್ಟಗಳಿಗೂ ಅವೇ ಮೊನಚು, ಅದೇ ಬೋಳುತನ. ಜಾಹೀರಾತು ಬಂದಾಗ ಓಡಿಹೋಗಿ ನೋಡುತ್ತಿದ್ದೆ. ಕುದುರೆಯ ಧೂಳು ಕಾಣಲಿಲ್ಲ. ಕ್ರೇನಿಗೆ ಕಟ್ಟಿದ ಲಾರಿಯೊಂದು ಹೋಗುತ್ತಿತ್ತು.

ನಿಯಮ ಶುರುವಾಗಿ ಎರಡು ತಿಂಗಳಾಗಿದ್ದಾಗ ಒಬ್ಬರು ಬಾಗಿಲು ತಟ್ಟಿ ಹಿಂದಿಯಲ್ಲಿ, "ಬೇಟಾ, ನಿನ್ನ ಪಪ್ಪ ಕಳಿಸಿದ್ದಾರೆ, ಫೈಲ್ ಮರೆತಿದ್ದಾರೆ, ತೆಗಿ" ಎಂದರು. ಪಪ್ಪ ಸ್ನಾನಕ್ಕೆ ಹೋಗಿದ್ದಾರೆ ಎಂದೆ. ಅವರು ನಕ್ಕು ಹೊರಟುಹೋದರು. ಸಂಜೆ ಪಪ್ಪ ಶವರ್ಮಾ ಕಟ್ಟಿಸಿಕೊಂಡು ಬಂದು, "ಪಾಸ್" ಎಂದರು. ಬಂದವರು ಅವರೇ ಹೇಳಿ ಕಳಿಸಿದ್ದ ಗೋದಾಮಿನ ಸಹೋದ್ಯೋಗಿ. ಅಮ್ಮ ಪಪ್ಪನನ್ನು ಬೈದರು, ಆದರೆ ಅವರ ಮುಖದಲ್ಲೂ ಸಮಾಧಾನವಿತ್ತು. ಅಂದಿನಿಂದ ಬಾಗಿಲ ಆಚೆಯ ಪ್ರತಿ ಹೆಜ್ಜೆಯೂ ನನಗೆ ಪರೀಕ್ಷೆಯಾಯಿತು.

ಎದುರು ಮನೆಗೆ ಉಡುಪಿ ಕಡೆಯ ಕೊಂಕಣಿ ದಂಪತಿ ಬಂದದ್ದು ಅದೇ ವರ್ಷದ ಚಳಿಗಾಲದಲ್ಲಿ. ಗಂಡನಿಗೆ ವಿಮಾನಗಳಿಗೆ ಊಟ ಕಳಿಸುವ ಕಂಪನಿಯಲ್ಲಿ ರಾತ್ರಿ ಪಾಳಿ, ಹಾಗಾಗಿ ಅವರು ಸಂಜೆಯವರೆಗೂ ಮಲಗಿರುತ್ತಿದ್ದರು. ಹೆಂಡತಿಗೆ ಐವತ್ತರ ಹತ್ತಿರ. ಅಮ್ಮ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಲಿಫ್ಟಿನಲ್ಲಿ ಸಿಕ್ಕರೆ ಒಂದು ನಗು, ಅಷ್ಟೇ ಪರಿಚಯ.

ಒಂದು ದಿನ ಪರದೆಯ ಮೇಲೆ ಜೋರು ಗುಂಡಿನ ಕಾಳಗ ನಡೆದಿದ್ದಾಗ ಅವರು ಬಾಗಿಲು ತಟ್ಟಿದರು.

"ಒಳಗೆ ಯಾರುಂಟು?"

ನಾನು ಸ್ಟೂಲು ಹತ್ತಿ ಬಾಗಿಲ ಕಿಂಡಿಯಲ್ಲಿ ನೋಡಿದೆ. ಗಾಜಿನಲ್ಲಿ ಅವರ ಮೂಗು ಮಾತ್ರ ದೊಡ್ಡದಾಗಿ ಕಂಡಿತು.

"ಪಪ್ಪ ಸ್ನಾನ ಮಾಡ್ತಿದ್ದಾರೆ."

"ಹೌದಾ? ನಾಲ್ಕಕ್ಕೆ ಮುಂಚೆ ಕಂಪನಿ ಪಿಕಪ್ ಹತ್ತಿದ್ದು ಮತ್ತೆ ಯಾರು? ನಿಂಗೆ ಎಷ್ಟು ಜನ ಪಪ್ಪ?"

ಟಿವಿಯಲ್ಲಿ ಯಾರೋ ಸತ್ತರು. ಬಾಯಮ್ಮ "ಸರಿ, ಸ್ನಾನ ಆಗಲಿ" ಎಂದು ಹೋದರು.

ಆ ರಾತ್ರಿ ಅವರು ಬಂದು ಅಮ್ಮನಿಗೆ ಹೇಳುತ್ತಾರೆಂದು ಕಾದೆ. ಬರಲಿಲ್ಲ. ಮರುದಿನ ನಾಲ್ಕೂವರೆಗೆ ಮತ್ತೆ ತಟ್ಟಿದರು.

"ಸ್ನಾನ ಆಯ್ತಾ?"

ನಾನು ಸ್ಟೂಲನ್ನು ಬಾಗಿಲ ಬಳಿ ಎಳೆದೆ.

"ಆಗಿರ್ಲಿಕ್ಕಿಲ್ಲ. ಗಂಡಸರದ್ದು ಹಾಗೇ. ಮಗಾ, ನೀನು ಬಾಗಿಲು ತೆಗೀಬೇಡ, ನಾನು ಕೇಳುದೂ ಇಲ್ಲ. ನಮ್ಮ ಮನೇಲಿ ಇವರು ಮಲಗಿದ್ದಾರೆ, ಟಿವಿ ಹಾಕ್ಲಿಕ್ಕಿಲ್ಲ, ರೇಡಿಯೋ ಹಾಕ್ಲಿಕ್ಕಿಲ್ಲ. ಇಲ್ಲಿ ಕೂತು ಬೆಳ್ಳುಳ್ಳಿ ಸುಲೀತೇನೆ. ನೀನು ಸೌಂಡು ಸ್ವಲ್ಪ ದೊಡ್ಡದು ಮಾಡು."

ಸೌಂಡು ದೊಡ್ಡದು ಮಾಡುವುದನ್ನು ಯಾವ ನಿಯಮವೂ ತಡೆಯುತ್ತಿರಲಿಲ್ಲ. ಮಾಡಿದೆ.

ಹೀಗೆ ಶುರುವಾಯಿತು. ಅವರು ಕಾರಿಡಾರಿನ ನೆಲದ ಮೇಲೆ ಸಣ್ಣ ಮಣೆ ಹಾಕಿ, ಬೆಳ್ಳುಳ್ಳಿ ಬುಟ್ಟಿ ಇಟ್ಟುಕೊಂಡು, ನಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ನಾನು ಒಳಗೆ ಬಾಗಿಲಿಗೆ ಭುಜ ತಾಗಿಸಿ, ಟಿವಿ ಕಾಣುವಂತೆ ಓರೆಯಾಗಿ ಕೂರುತ್ತಿದ್ದೆ. ಅವರಿಗೆ ಸದ್ದು ಕೇಳುತ್ತಿತ್ತು, ಚಿತ್ರ ಕಾಣುತ್ತಿರಲಿಲ್ಲ. ಚಿತ್ರ ನಾನು ಹೇಳಬೇಕಿತ್ತು.

"ಈಗ ಬಿದ್ದದ್ದು ಯಾರು?"

"ಕಪ್ಪು ಟೋಪಿಯವನು."

"ಒಳ್ಳೆಯವನಾ?"

"ಗೊತ್ತಿಲ್ಲ. ಕುದುರೆ ಒಳ್ಳೆಯದು."

"ಅದೆಂತ, ಕುದುರೆ ಒಳ್ಳೆಯದು ಅಂತ ನಿಂಗೆ ಹೇಗೆ ಗೊತ್ತು?"

"ಅವನು ಬಿದ್ದ ಮೇಲೂ ಅಲ್ಲೇ ನಿಂತಿದೆ."

ಅವರು ಸುಲಿಯುವುದನ್ನು ನಿಲ್ಲಿಸಿ, "ಪಾಪ" ಎಂದರು.

ಶಾಲೆಯಲ್ಲಿ ನಾನು ಮಾತಾಡದ ಹುಡುಗಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಎರಡರಲ್ಲೂ ಕೇಳಿದ್ದಕ್ಕೆ ಮಾತ್ರ ಉತ್ತರ. ಅಮ್ಮ ಶುಕ್ರವಾರಗಳಂದು ಕಲಿಸುತ್ತಿದ್ದ ಕನ್ನಡವನ್ನು ನಾನು ನಿಜವಾಗಿ ಬಳಸಿದ್ದು ಆ ಬಾಗಿಲ ಬಳಿ. ಜೀನು, ಲಗಾಮು ಎಂಬ ಮಾತುಗಳು ನನಗೆ ಗೊತ್ತಿರಲಿಲ್ಲ. "ಕುದುರೆಯ ಮೇಲಿನ ಕುರ್ಚಿ" ಎನ್ನುತ್ತಿದ್ದೆ. ಬಾಯಮ್ಮ ತಿದ್ದುತ್ತಿರಲಿಲ್ಲ. ಅವರೂ ಕುರ್ಚಿಯೆಂದೇ ಹೇಳತೊಡಗಿದರು.

ಒಂದು ದಿನ ಜೋರು ಗಾಳಿ ಬಂದು ತಾರಸಿಯ ಡಿಶ್ ತಿರುಗಿಹೋಯಿತು. ಪರದೆ ನೀಲಿಯಾಗಿ ನಿಂತಿತು. ಇಂದು ಧಾರಾವಾಹಿ ಇಲ್ಲ ಎಂದರೆ ಅವರು ಎದ್ದುಹೋಗುತ್ತಾರೆ ಎಂದುಕೊಂಡು, "ಸೌಂಡ್ ಮಾತ್ರ ಹಾಳಾಗಿದೆ" ಎಂದೆ. ಆಮೇಲೆ ಮುಕ್ಕಾಲು ಗಂಟೆ ನೀಲಿ ಪರದೆ ನೋಡುತ್ತಾ ಕತೆ ಕಟ್ಟಿದೆ. ಒಬ್ಬ ಸವಾರ ದಾರಿ ತಪ್ಪಿ ಬೆಟ್ಟ ಇಳಿದು ಒಂದು ಗ್ಯಾರೇಜಿಗೆ ಬಂದ, ಅವನ ಕುದುರೆಗೆ ಲಾಳ ಹೊಡೆಯಲು ಯಾರಿಗೂ ಬರಲಿಲ್ಲ, ನಮ್ಮ ಒಮಾನಿನದೇ ಊರಾದ ಇಬ್ರಾದಿಂದ ಒಬ್ಬ ಮುದುಕನನ್ನು ಕರೆಸಿದರು, ಹೀಗೆ.

ಕೇಳಿ ಮುಗಿಸಿ ಅವರು ಬುಟ್ಟಿ ಎತ್ತಿಕೊಂಡು, "ಅಮೆರಿಕದವರಿಗೆ ಇಬ್ರಾ ಕೂಡ ಗೊತ್ತುಂಟಲ್ಲ, ಮಾರಾಯ್ತಿ" ಎಂದರು. "ಇವತ್ತಿನದ್ದೇ ಚೆಂದ ಇತ್ತು."

ಅವರು ತಮ್ಮ ಬಗ್ಗೆ ಹೇಳಿದ್ದು ಕಡಿಮೆ. ಮಗಳೊಬ್ಬಳಿದ್ದಾಳೆ, ಐದನೇ ಕ್ಲಾಸಿನಿಂದ ಮಂಗಳೂರಿನಲ್ಲಿ ಹಾಸ್ಟೆಲು, ಈಗ ಕಾಲೇಜು ಎಂದು ಒಮ್ಮೆ ಹೇಳಿದರು. ಹಾಸ್ಟೆಲು ಹೇಗಿರುತ್ತದೆ ಎಂದು ನಾನು ಕೇಳಿದೆ. ನನಗೆ ಅದು ಬರಿಯ ಕುತೂಹಲವಾಗಿರಲಿಲ್ಲ.

"ಚೆನ್ನಾಗಿಯೇ ಇರ್ತದೆ. ಊಟ ಕೊಡ್ತಾರೆ, ಓದಿಸ್ತಾರೆ. ಮೊದಲು ನಾಲ್ಕು ಪುಟ ಕಾಗದ ಬರೀತಿದ್ದಳು. ಆಮೇಲೆ ಎರಡು. ಈಗ ಫೋನಲ್ಲಿ, ಹಾಂ ಮಮ್ಮಿ, ಆಯ್ತು ಮಮ್ಮಿ." ಮತ್ತೆ, "ನಿನ್ನನ್ನು ಹಾಕ್ತಾರಂತಾ?" ಎಂದರು.

"ತೊಂದರೆ ಆದರೆ."

"ಎಂತ ತೊಂದರೆ?"

"ಯಾರಿಗಾದರೂ ಗೊತ್ತಾದರೆ."

ಅದಾದ ಮೇಲೆ ಲಿಫ್ಟಿನಲ್ಲಿ ಸಿಕ್ಕಾಗ ಅವರು ನನ್ನ ಕಡೆ ನೋಡುವುದನ್ನೂ ಬಿಟ್ಟರು. ಅಮ್ಮನೊಂದಿಗೆ ಮೀನಿನ ಮಾತಾಡುತ್ತಿದ್ದರು. ನಾನು ಲಿಫ್ಟಿನ ಅಂಕಿಗಳನ್ನು ನೋಡುತ್ತಿದ್ದೆ.

ಈಗ ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಆ ಕಟ್ಟಡ ಎಡಕ್ಕೆ ಕಾಣುತ್ತದೆ. ಓದು ಮುಗಿಸಿ ಇದೇ ಊರಿಗೆ ಮರಳಿ ಬಂದು ನಾಲ್ಕು ವರ್ಷವಾಯಿತು, ಒಂಟಿಯಾಗಿ ಇರುವುದು ನನಗೆ ಕಷ್ಟವಲ್ಲ. ಆ ಧಾರಾವಾಹಿ ಯಾವುದೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದ್ದೇನೆ. ಅಂಥವು ಎಷ್ಟೋ ಇವೆ. ಎಲ್ಲದರಲ್ಲೂ ಒಂದೇ ಬೀದಿ, ಅದೇ ಟೋಪಿಗಳು. ನನ್ನ ನೆನಪಿನಲ್ಲಿ ಅವುಗಳ ಮಾತು ಕನ್ನಡದಲ್ಲಿದೆ, ಆದ್ದರಿಂದ ಯಾವುದನ್ನೂ ಇದೇ ಎಂದು ಗುರುತಿಸಲಾಗಲಿಲ್ಲ.

ಮಾರ್ಚಿನಲ್ಲಿ ವಾರ್ಷಿಕ ಪರೀಕ್ಷೆ ಮುಗಿಯಿತು. ಆ ವಾರಾಂತ್ಯದೊಳಗೆ ಹಾಸ್ಟೆಲಿನ ಬಗ್ಗೆ ಅತ್ತೆಗೆ ಉತ್ತರ ಕೊಡಬೇಕೆಂದು ಪಪ್ಪ ಊಟಕ್ಕೆ ಕೂತಾಗ ಹೇಳಿದರು. ಆ ಬುಧವಾರ ಬಾಯಮ್ಮ ಬುಟ್ಟಿ ತರಲಿಲ್ಲ, ಮಣೆಯನ್ನೂ ತರಲಿಲ್ಲ. ನಿಂತೇ ಮಾತಾಡಿದರು.

"ಇವರ ಕೆಲಸ ಖಲಾಸ್, ಮಗಾ. ವೀಸಾ ಕ್ಯಾನ್ಸಲ್ ಆಯ್ತು. ಶುಕ್ರವಾರ ಹೋಗ್ತೇವೆ."

ನಾನು ಟಿವಿಯ ದನಿ ತಗ್ಗಿಸಿದೆ.

"ಒಮ್ಮೆ ಬಾಗಿಲು ತೆಗಿ. ಲಿಫ್ಟಿನಲ್ಲಿ ನೋಡಿದ್ದು ನೋಡಿದ ಹಾಗಲ್ಲ. ಒಂದೇ ನಿಮಿಷ, ಮುಖ ನೋಡಿ ಹೋಗ್ತೇನೆ."

ಚಿಲಕ ನನ್ನ ಹಣೆಯ ಎತ್ತರಕ್ಕಿತ್ತು. ಅದರ ಮೇಲೆ ಕೈಯಿಟ್ಟೆ. ಆಗ ಆ ಯೋಚನೆ ಬಂತು. ಉತ್ತರ ಕೊಡಬೇಕಾದ ವಾರವೇ ಇವರು ಬಾಗಿಲು ತೆಗೆ ಎನ್ನುತ್ತಿದ್ದಾರೆ, ಇಷ್ಟು ತಿಂಗಳಲ್ಲಿ ಒಮ್ಮೆಯೂ ಹೇಳದವರು. ಪಪ್ಪ ಕಳಿಸಿರಬಹುದು. ಮೊದಲಿಂದಲೂ ಪಪ್ಪನೇ ಕಳಿಸಿರಬಹುದು. ನಾನು ಅದನ್ನು ನಂಬಿದೆನೋ ಇಲ್ಲವೋ ಈಗ ಹೇಳಲಾರೆ. ನಂಬದಿರುವ ಧೈರ್ಯ ಇರಲಿಲ್ಲ.

"ಆಗುವುದಿಲ್ಲ ಆಂಟಿ" ಎಂದೆ.

"ಆಗುದಿಲ್ವಾ?"

"ಇಲ್ಲ."

"ಸರಿ. ತೆಗೀಬೇಡ." ದನಿಯಲ್ಲಿ ಕೋಪವಿರಲಿಲ್ಲ. ಎದುರಿನ ಬಾಗಿಲು ತೆರೆದು ಮುಚ್ಚಿದ್ದು ಕೇಳಿತು. ನಾನು ಸ್ಟೂಲಿನ ಮೇಲೆ ಹತ್ತಿ ಕಿಂಡಿಯಲ್ಲಿ ನೋಡುವಷ್ಟರಲ್ಲಿ ಕಾರಿಡಾರ್ ಖಾಲಿ.

ರಾತ್ರಿ ಊಟದ ಹೊತ್ತಿಗೆ ಪಪ್ಪನ ಮುಖ ನೋಡುತ್ತಾ ಕೂತೆ. ಅವರು "ಪಾಸ್" ಎನ್ನಲಿಲ್ಲ. ಅವರು ಮೀನಿನ ಮುಳ್ಳು ಬಿಡಿಸುತ್ತಾ ಗೋದಾಮಿಗೆ ಬಂದ ಹೊಸ ಟಯರುಗಳ ವಿಷಯ ಹೇಳಿದರು. ಎದುರು ಮನೆಯವರು ಹೋಗುವ ಸುದ್ದಿಯೇ ಅವರಿಗೆ ತಿಳಿದಿರಲಿಲ್ಲ. "ಇವತ್ತು ಯಾರಾದರೂ ಬಂದಿದ್ದರಾ?" ಎಂದು ಅಮ್ಮ ಎಂದಿನಂತೆ ಕೇಳಿದರು. ಇಲ್ಲ ಎಂದೆ.

ಶುಕ್ರವಾರ ಬೆಳಿಗ್ಗೆ ಬಾಯಮ್ಮನ ಗಂಡ ಪೆಟ್ಟಿಗೆಗಳನ್ನು ಲಿಫ್ಟಿಗೆ ಎಳೆಯುತ್ತಿದ್ದ ಸದ್ದು ಕೇಳಿ ಅಮ್ಮ ಬಾಗಿಲು ತೆಗೆದರು. ರಜೆಯ ದಿನವಾದ್ದರಿಂದ ನಾವು ಮೂವರೂ ಮನೆಯಲ್ಲಿದ್ದೆವು. ಬಾಯಮ್ಮ ಹೊಸ ಸೀರೆ ಉಟ್ಟು ಕೈಚೀಲ ಹಿಡಿದು ನಿಂತಿದ್ದರು. ಹತ್ತಿರದಿಂದ ಸರಿಯಾಗಿ ನೋಡಿದರೆ ಮೂಗು ಅಷ್ಟೇನೂ ದೊಡ್ಡದಲ್ಲ. ಎಡಗೆನ್ನೆಯ ಮೇಲೆ ಒಂದು ಸಣ್ಣ ಮಚ್ಚೆ ಇತ್ತು.

"ಮೊದಲೇ ಹೇಳಿದ್ದರೆ ಊಟಕ್ಕಾದರೂ ಕರೀತಿದ್ದೆವಲ್ಲ ಬಾಯಮ್ಮ" ಎಂದರು ಅಮ್ಮ. ನಾನು ಅಮ್ಮನ ಹಿಂದೆ ನಿಂತಿದ್ದೆ. ಅಮ್ಮ ನನ್ನ ಭುಜ ಹಿಡಿದು ಮುಂದಕ್ಕೆ ತಂದರು.

"ನಿಮ್ಮ ಮಗಳಲ್ವಾ?" ಎಂದರು ಬಾಯಮ್ಮ. "ಎಷ್ಟನೇ ಕ್ಲಾಸು?"

ಅವರ ಕಣ್ಣು ನನ್ನ ಮುಖದ ಮೇಲಿತ್ತು, ಆದರೆ ದನಿ ಲಿಫ್ಟಿನಲ್ಲಿ ಮೀನಿನ ಮಾತಾಡುವ ದನಿ.

"ನಾಲ್ಕು ಮುಗೀತು" ಎಂದೆ.

"ಇವಳನ್ನು ಮಂಗಳೂರಿನಲ್ಲಿ ಹಾಸ್ಟೆಲಿಗೆ ಹಾಕುವ ಅಂತ ಇದ್ದೆವು" ಎಂದರು ಅಮ್ಮ. "ಬೇಡ ಅಂತ ನಿನ್ನೆ ಇವರು ಫೋನ್ ಮಾಡಿ ಹೇಳಿದರು. ಇಲ್ಲೇ ಇರ್ಲಿ. ಒಂದು ತೊಂದರೆ ಕೊಡುವ ಮಗು ಅಲ್ಲ. ಆದರೆ ಮಾತೇ ಇಲ್ಲ ನೋಡಿ, ಯಾರ ಹತ್ತಿರವೂ ಬಾಯಿ ಬಿಡುದಿಲ್ಲ."

"ಹೌದಾ?" ಎಂದರು ಬಾಯಮ್ಮ. ಎರಡು ಬೆರಳಿನಲ್ಲಿ ನನ್ನ ಗಲ್ಲ ಮುಟ್ಟಿದರು. ಬೆಳ್ಳುಳ್ಳಿಯ ವಾಸನೆ ಇರಲಿಲ್ಲ, ಸೋಪಿನದಿತ್ತು. "ಕೆಲವು ಮಕ್ಕಳು ಹಾಗೇ. ದೊಡ್ಡವಳಾಗ್ತಾ ಕಲೀತಾಳೆ."

ಗಂಡ ಲಿಫ್ಟಿನಿಂದ ಕರೆದರು. ಅವರು ಹೋದರು. ಅಮ್ಮ ಬಾಗಿಲು ಹಾಕಿಕೊಂಡು, ಒಳ್ಳೆಯ ಹೆಂಗಸು, ಒಂದು ದಿನ ಮನೆಗೆ ಕರೆಯಲಾಗಲಿಲ್ಲ ಎಂದರು. ನಾನು ಹೌದು ಎಂದೆ.