ಮೊಮ್ಮಗಳ ಬೆನ್ನು ತಿಕ್ಕಿದ ಮಧ್ಯಾಹ್ನ

ಗೆಳತಿಯರೇ, ಇವತ್ತು ಮಧ್ಯಾಹ್ನ ಇಲ್ಲಿ ಮಗನ ಮನೆಯಲ್ಲಿ ಹದಿನಾರರ ಮೊಮ್ಮಗಳು ನನ್ನನ್ನು ಬಚ್ಚಲಿಗೆ ಕರೆದಳು. ಅವಳಮ್ಮ ಅಮೆರಿಕದ ಬಿಳಿಯವಳು, ಹಾಗಾಗಿ ಇವಳದು ಹಾಲಿನ ಬಣ್ಣ. ಮೈಗೆ ಕಂದುಬಣ್ಣ ಬರಿಸುವ ಲೋಷನ್ನು ತಂದಿದ್ದಳು. ಹಚ್ಚುವ ಮುಂಚೆ ಚರ್ಮ ಚೆನ್ನಾಗಿ ತಿಕ್ಕಬೇಕಂತೆ, ಬೆನ್ನಿಗೆ ಕೈ ಎಟಕುವುದಿಲ್ಲವಂತೆ.

"ಇರೋ ಬಿಳುಪು ಕಚ್ತದೇನಮ್ಮಿ ನಿಂಗೆ? ನಾನಂತೂ ತಿಕ್ಕಾಕಿಲ್ಲ," ಎಂದೆ.

"ಅಜ್ಜೀ, ನಾವಿಬ್ರೂ ಎಲ್ಲಿಗೆ ಹೋದ್ರೂ ನಿನ್ನ ನನ್ ನ್ಯಾನಿ, ನನ್ನ ನೋಡ್ಕೊಳ್ಳೋ ಕೆಲ್ಸದವ್ಳು ಅನ್ಕೋತಾರೆ. ಐ ಹೇಟ್ ಇಟ್. ನಂಗೆ ನಿನ್ ಕಲರ್ ಬೇಕು."

ಕಡಲೆಹಿಟ್ಟು ಕಲಸಿ ತಂದು ಮೆಲ್ಲಗೆ ತಿಕ್ಕತೊಡಗಿದೆ. ಕಿಟಕಿಯಾಚೆ ಇವರು ಲಗೂನ್ ಅನ್ನುವ ಹಿನ್ನೀರಿನ ಬೆಳಕು ಗೋಡೆಯ ಮೇಲೂ ಅವಳ ಬೆನ್ನ ಮೇಲೂ ಅಲೆಯಾಡುತ್ತಿತ್ತು. ಬಿಸಿನೀರಿನ ಹಬೆಯಲ್ಲಿ ಯಾರ ಕೈ, ಯಾರ ಬೆನ್ನು ಎಂಬುದೇ ಮರೆತಂತಾಯಿತು. ನನ್ನನ್ನು ನೋಡಲು ಗಂಡಿನವರು ಬರುವ ದಿನ ನಮ್ಮವ್ವನೂ ಹೀಗೇ ತಿಕ್ಕಿದ್ದಳು, ನಾನು ಬೆಳ್ಳಗಾಗಲೆಂದು.

"ಈ ಬಣ್ಣ ಎಷ್ಟು ದಿನ ಇರ್ತದಮ್ಮಿ?"

"ಒನ್ ವೀಕ್, ಅಜ್ಜಿ."

ಅವ್ವ ಅಷ್ಟು ತಿಕ್ಕಿದರೂ ನನ್ನದು ಎಪ್ಪತ್ತು ವರ್ಷದಿಂದ ಒಂದು ಚೂರೂ ಬಿಟ್ಟಿಲ್ಲ. ಲೋಷನ್ನಿನವರು ಬಂದು ಕಲಿತುಕೊಂಡು ಹೋಗಲಿ.