ಕರಿಬೇವಿಗೆ ಹೇಳಿದ ಮಾತು

ಮಾಟ, ಶಾಪ, ದೃಷ್ಟಿ ಎಂದು ಯಾರಾದರೂ ಶುರುಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ನಗು ಬಂದರೆ ನಗಿ.

ಆರು ವರ್ಷಗಳ ಹಿಂದೆ ಶಂಶಾಬಾದಿನ ನಮ್ಮ ಮನೆಯನ್ನು ಮಾರಲು ಹೊರಟಿದ್ದೆವು. ಅತ್ತೆ ತೀರಿಕೊಂಡ ಮೇಲೆ ನಾನು, ನಮ್ಮ ಮನೆಯವರು ಗಚ್ಚಿಬೌಲಿಯ ಅಪಾರ್ಟ್‌ಮೆಂಟಿಗೆ ಬಂದಿದ್ದೆವು. ಬೀಗ ಹಾಕಿದ ಮನೆಯ ಹಿತ್ತಲು ಕಾಡಾಗಿತ್ತು. ನುಗ್ಗೆ, ಬೇವು, ಸುಬಾಬುಲ್ ಒಂದರ ಮೇಲೊಂದು ಬಿದ್ದು ಕಿಟಕಿಗಳೇ ಕಾಣುತ್ತಿರಲಿಲ್ಲ. ಕೊಳ್ಳುವವರು ಭಾನುವಾರ ನೋಡಲು ಬರುವವರಿದ್ದರು.

ಇವೆಲ್ಲದರ ನಡುವೆ ಅತ್ತೆ ನೆಟ್ಟ ಕರಿಬೇವು. ಬೇರಿನಿಂದ ಮರಿ ಹಾಕುತ್ತ ಗೋಡೆಯಾಚೆ ಪಕ್ಕದ ಮನೆಗೂ ಹೋಗಿತ್ತು. ಹತ್ತೊಂಬತ್ತು ವರ್ಷ ಆ ಗಿಡದಿಂದ ನಾನು ಒಂದು ಎಸಳು ಕಿತ್ತವಳಲ್ಲ. ನನಗೆ ಮಕ್ಕಳಾಗಲಿಲ್ಲ. "ಬಂಜಿ ಕೈ ಸೋಕಿದರ ಗಿಡ ಒಣಗತೈತಿ" ಎಂದು ಅತ್ತೆ ಮೊದಲ ಸಲ ಅಂದದ್ದು ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ. ಹಿತ್ತಲಲ್ಲಿ ಅಷ್ಟು ದೊಡ್ಡ ಗಿಡ ಇಟ್ಟುಕೊಂಡು ಒಗ್ಗರಣೆಗೆ ನಾನು ತಳ್ಳುಗಾಡಿಯಿಂದ ಕರಿಬೇವು ತರುತ್ತಿದ್ದೆ. ನಮ್ಮ ಮನೆಯವರು ಒಮ್ಮೆಯೂ ಬಾಯಿ ಬಿಡಲಿಲ್ಲ. ಹಾಗಾಗಿ ಮರ ಕಡಿಸುವ ಕೆಲಸವನ್ನು ನಾನೇ ಮೇಲೆ ಬಿದ್ದು ವಹಿಸಿಕೊಂಡೆ. ಉಳಿದ ಮರಗಳೆಲ್ಲ ನೆಪ. ನನಗೆ ಬೇಕಾಗಿದ್ದದ್ದು ಆ ಒಂದು ಗಿಡ, ಬೇರುಸಹಿತ.

ಯಾದಗಿರಿ ಕಡೆಯ ಕೂಲಿಯವನು ಸಾಬಣ್ಣ, ಶುಕ್ರವಾರ ಬೆಳಿಗ್ಗೆ ಹೆಂಡತಿಯ ಜೊತೆ ಬಂದ. ಸಂಜೆಯೊಳಗೆ ಮಿಕ್ಕದ್ದೆಲ್ಲ ನೆಲಕ್ಕುರುಳಿತ್ತು. ಕರಿಬೇವಿನ ಹತ್ತಿರ ಬಂದವನು ಮಾತ್ರ ಕೊಡಲಿ ಕೆಳಗಿಟ್ಟ.

"ಅವೆಲ್ಲಾ ತಾವಾಗೇ ಹುಟ್ಟಿದ್ದವ್ರಿ. ಇದಕ್ಕ ಕಟ್ಟಿ ಕಟ್ಟೀರಿ, ಅರಿಶಿಣ ಹಚ್ಚೀರಿ. ಇಂಥಾ ಗಿಡಕ್ಕ ಇವತ್ತ ಹೇಳಿ ನಾಳಿ ಕಡೀಬೇಕ್ರಿ, ಅಕ್ಕಾರ. ಮನಿ ಮಂದಿನೇ ಹೇಳಬೇಕ್ರಿ."

"ಏನಂತ ಹೇಳಬೇಕು?"

"ತಪ್ಪಾತು, ಜಾಗಾ ಬಿಡವ್ವಾ ಅಂತ. ಕೈ ಮುಟ್ಟಿ ಹೇಳ್ರಿ."

ಅವನ ಹೆಂಡತಿ ಕುಂಕುಮದ ಚೀಟಿ ಮುಂದೆ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ. ಎರಡೂ ಅಂಗೈಗಳನ್ನು ಬೊಡ್ಡೆಗೆ ಒತ್ತಿದೆ. ತಪ್ಪಾಯಿತು ಅನ್ನಲು ನಾಲಿಗೆ ಏಳಲಿಲ್ಲ. ತಪ್ಪು ಯಾರದು? "ಬಂಜಿ ಕೈ ಐತಿ ಇದು. ಒಣಗು!" ಅಂದೆ, ಇಬ್ಬರಿಗೂ ಕೇಳಿಸುವಂತೆ. ಆ ಹೆಂಗಸು ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡಳು. ನನಗಂತೂ ಹೊಟ್ಟೆ ತಣ್ಣಗಾಯಿತು.

ಮರುದಿನ ಒಂಬತ್ತಕ್ಕೆ ನಮ್ಮ ಮನೆಯವರೂ ಬಂದರು. ಗೇಟಿನ ಬೀಗ ನಾನೇ ತೆಗೆದೆ. ಕರಿಬೇವು ನಿಂತಲ್ಲೇ ಒಣಗಿತ್ತು. ಎಲೆಗಳು ಬೂದು ಬಣ್ಣಕ್ಕೆ ತಿರುಗಿದ್ದವು, ಸಾಬಣ್ಣ ಮುರಿದ ಟೊಂಗೆ ಒಲೆಯ ಕಟ್ಟಿಗೆಯ ಹಾಗೆ ಟಪ್ಪೆಂದಿತು. ಯಾರಾದರೂ ಆಸಿಡ್ ಸುರಿದರೇನೋ ಎಂದು ಬುಡ ಕೆದಕಿದೆವು. ಹಸಿ ಮಣ್ಣು, ಅದರಲ್ಲಿ ಓಡಾಡುವ ಎರೆಹುಳು. "ನಾವೇನೂ ಮಾಡಿಲ್ರಿ" ಎಂದು ಸಾಬಣ್ಣ ಎರಡು ಸಲ ಹೇಳಿದ. ಅವನನ್ನು ಯಾರೂ ಕೇಳಿರಲಿಲ್ಲ.

ಒಂದು ಗಳಿಗೆ ನನಗೆ ಕುಣಿಯುವಷ್ಟು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ನಮ್ಮ ಮನೆಯವರು ನನ್ನ ಕಡೆ ತಿರುಗಿ, "ನಿನ್ನಿ ನೀ ಇದನ್ನ ಮುಟ್ಟಿದ್ದೇನ?" ಎಂದು ಕೇಳಿದರು.

"ಎರಡೂ ಕೈಲೆ" ಅಂದೆ.

ಅವರು ನನ್ನ ಅಂಗೈಗಳನ್ನೊಮ್ಮೆ ನೋಡಿದರು. ಸೇಡು ತೀರಿಸಿಕೊಳ್ಳಲು ಹೋಗಿ ಅತ್ತೆಯ ಮಾತನ್ನು ನಾನೇ ನಿಜಮಾಡಿ ಕೊಟ್ಟಿದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಆಮೇಲೆ ಕೇಳಿದವರೆಲ್ಲ ರೋಗ, ಗೆದ್ದಲು, ಬಿಸಿಲು ಎಂದು ಒಂದೊಂದು ಕಾರಣ ಕೊಟ್ಟಿದ್ದಾರೆ. ಒಂದೇ ರಾತ್ರಿಯಲ್ಲಿ ಹೇಗೆ ಎಂದರೆ ಮಾತು ಬದಲಿಸುತ್ತಾರೆ. ಗೋಡೆಯಾಚೆಯ ಮರಿಗಳಿಗೆ ಏನೂ ಆಗಿರಲಿಲ್ಲ. ಅದೇ ಬೇರು, ಹಸಿರಾಗಿ ನಿಂತಿದ್ದವು. ಪಕ್ಕದ ಮನೆಯಾಕೆ ನಮ್ಮ ಒಣಗಿದ ಗಿಡ ನೋಡಿ ಮರುಗಿ, ಇಲ್ಲಿ ಬೇಕಾದಷ್ಟಿದೆ, ಕಿತ್ತುಕೊಳ್ಳಿ ಎಂದು ತೆಲುಗಿನಲ್ಲಿ ಹೇಳಿದರು. ಕೈ ಚಾಚಿದರೆ ಸಿಗುತ್ತಿತ್ತು. ಮುಟ್ಟಿ ಒಂದು ದಿನ ಕಾದಿದ್ದರೆ ನಿಜವೋ ಸುಳ್ಳೋ ತಿಳಿದುಬಿಡುತ್ತಿತ್ತು.

"ನೀವೇ ಕಿತ್ತುಕೊಡಿ" ಅಂದೆ.